ಗಂಧಕದ ನಾತ ಹಾಗೂ ಕಮತಗಿಯ ಸಂಬಂಧ ಕುರಿತು

ಇಂದ:
ಅಮಾತೆಪ್ಪ, ಭೌತಶಾಸ್ತ್ರ ಉಪನ್ಯಾಸಕ,
ಗುರುಸಿದ್ದವ್ವನವರ ಹಿತ್ತಲ ಖೋಲಿ (ಸದ್ಯಕ್ಕೆ), ಇಳಕಲ್ಲ.

ಗೆ:
ಮಾನ್ಯ ಪ್ರಾಚಾರ್ಯರು, ನಮ್ಮ ಕಾಲೇಜು, ಇಳಕಲ್ಲ.

ದಿನಾಂಕ: 9 ಫೆಬ್ರುವರಿ 1984

ವಿಷಯ: ಬಿಸಿಲಿನಿಂದ ವಿದ್ಯುತ್ ತೆಗೆಯುವ ತೆಳುಪದರದ ಕೋಶಗಳನ್ನು ಕಾಲೇಜಿನಲ್ಲೇ ತಯಾರಿಸಲು ಪರವಾನಗಿ ಕೋರಿ.

ಉಲ್ಲೇಖ: ಕಳೆದ ತಿಂಗಳು ವರಾಂಡದಲ್ಲಿ, ಮೂಗು ಮುಚ್ಚಿಕೊಂಡು, ತಾವು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರನನ್ನು ಇಲ್ಲಿಂದ ಮುಂದೆ 'ಅವನು' ಎನ್ನಲಾಗುವುದು. ತನ್ನ ವಿಷಯ ತಾನೇ ಹೇಳಿಕೊಳ್ಳಲು ಅವನಿಗೆ ಸಂಕೋಚ.

1. ತವರದ ಉಪ್ಪನ್ನೂ ಗಂಧಕದ ದ್ರಾವಣವನ್ನೂ ಬೀಕರಿನಲ್ಲಿ ಸಣ್ಣಗೆ ಕಾಯಿಸಿ, ಅದರಲ್ಲಿ ಉಕ್ಕಿನ ಪಟ್ಟಿ ಇಳಿಬಿಟ್ಟರೆ, ಪಟ್ಟಿಯ ಮೇಲೆ ಪದರುಪದರಾದ ಹಳದಿ ಲೇಪ ಕೂರುತ್ತದೆ. ಕೂರುವಾಗ ಕೊಳೆತ ತತ್ತಿಯ ನಾತ ಹೊಡೆಯುತ್ತದೆ. ಕಾರಣ ತಾವು, "ಮಾಸ್ತರ, ಈ ನಾತ ನಿಮ್ಮ ಮನಿಗಿ ಒಯ್ರಿ" ಎಂದು ಆದೇಶಿಸಿದಿರಿ. ಅವನು ವಿಧೇಯ ನೌಕರ. ಆದ್ದರಿಂದ ಒಯ್ದನು.

2. ಮನೆಯ ಒಡತಿ ಗುರುಸಿದ್ದವ್ವ ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡುವವರು. ಮೂರನೆಯ ದಿನ ಬಾಗಿಲಿಗೆ ಬಂದು, "ತತ್ತಿ ತಿನ್ನಾಂವ ಅಂತ ಮೊದಲ ಹೇಳಬೇಕಿತ್ತಲ್ಲ ತಮ್ಮಾ" ಎಂದರು. ತಿಂಗಳೊಳಗೆ ಖೋಲಿ ಬಿಡಲು ಹೇಳಿದರು.

3. ಅದೇ ವಾರದ ಭಾನುವಾರ, ಅವನೊಡನೆ ಮದುವೆ ಗೊತ್ತಾಗಬೇಕಿದ್ದ ಕನ್ಯೆ, ಕಮತಗಿಯ ಕನ್ನಡ ಸಾಲಿಯ ಟೀಚರ್ ಬನಶಂಕರಿ, ತಂದೆ ಅಂದಪ್ಪನವರೊಡನೆ ಸೀರೆ ಕೊಳ್ಳಲು ಇಳಕಲ್ಲಿಗೆ ಬಂದವರು, ವರನ ಮನೆಯನ್ನೂ ನೋಡಿಬಿಡೋಣವೆಂದು ಹೇಳದೆ ಕೇಳದೆ ಬಂದರು. ಬೀಕರ್ ಒಲೆಯ ಮೇಲಿತ್ತು.

4. ಅಂದಪ್ಪನವರು ಚಹದ ಕಪ್ಪು ಕೆಳಗಿಟ್ಟರು.

"ತತ್ತಿ ಅಲ್ರಿ, ಗಂಧಕ" ಎಂದನು ಅವನು.

"ಗಂಧಕ ಅಂದ್ರ ಪಟಾಕಿ ಮದ್ದು?"

ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

5. ಬನಶಂಕರಿ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಅವನು ಲೇಪದ ಪಟ್ಟಿಯನ್ನೂ, ಹಳೆಯ ಟಾರ್ಚ್ ಸೆಲ್ಲಿನ ಇದ್ದಿಲ ಕಡ್ಡಿಯನ್ನೂ ದ್ರಾವಣದಲ್ಲಿ ಮುಳುಗಿಸಿ, ಮೀಟರಿಗೆ ಜೋಡಿಸಿ, ಬಿಸಿಲಿಗಿಟ್ಟನು. ಮುಳ್ಳು ಎದ್ದಿತು. ಅವಳು ಕೈ ಅಡ್ಡ ಹಿಡಿದಳು; ಬಿದ್ದಿತು. ಕೈ ತೆಗೆದಳು, ಎದ್ದಿತು. ಹೀಗೆ ಏಳು ಸಲ. ಪ್ರಯೋಗ ಶುರುವಾದ ಎರಡು ವರ್ಷದಲ್ಲಿ ಆ ಮುಳ್ಳನ್ನು ಇನ್ನೊಬ್ಬರು ನೋಡಿದ್ದು ಇದೇ ಮೊದಲು.

"ಇದರಿಂದ ದೀಪ ಹತ್ತತೈತೇನ್ರಿ?"

"ಇಲ್ಲ. ವೋಲ್ಟಿನ ಐದನೇ ಒಂದು ಪಾಲು ಬರತೈತಿ, ಅಷ್ಟ."

"ಯಾವಾಗ ಹತ್ತತೈತಿ?"

"ಗೊತ್ತಿಲ್ರಿ."

ಅವಳು ಒಳಗೆ ಹೋಗಿ, "ಅಪ್ಪಾ, ಗೊತ್ತಿಲ್ಲ ಅನ್ನೋ ಮಾಸ್ತರನ್ನ ಇವತ್ತ ಮೊದಲ ಸಲ ನೋಡಿದೆ. ನನಗ ಒಪ್ಪಿಗಿ ಐತಿ" ಎಂದಳು.

6. ಅವಳ ಷರತ್ತು ಒಂದೇ: ಪ್ರಯೋಗ ನಿಲ್ಲಕೂಡದು, ನಾತ ಮನೆಗೆ ಬರಕೂಡದು. ಇದನ್ನು ಕೇಳಿದ ಗುರುಸಿದ್ದವ್ವನವರೂ ಅದೇ ಷರತ್ತಿನ ಮೇಲೆ ಖೋಲಿ ಉಳಿಸಿದ್ದಾರೆ.

ಆದ್ದರಿಂದ ಕಾಲೇಜಿನ ಗಚ್ಚಿಯ, ಅಂದರೆ ತಾರಸಿಯ, ಮೇಲೆ, ಗಾಳಿ ಊರ ಹೊರಗೆ ಬೀಸುವ ವೇಳೆಯಲ್ಲಿ, ದಿನಕ್ಕೆ ಎರಡು ತಾಸು ಕೆಲಸ ಮಾಡಲು ಅನುಮತಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಗಂಧಕದ ಹೊರತು ನಿರ್ದೋಷಿ,
ಅಮಾತೆಪ್ಪ

ಲಗತ್ತು:
ಅ) ಲೇಪಿತ ಪಟ್ಟಿ, ಒಂದು (ಮೂಸಬಾರದು).
ಆ) ಗುರುಸಿದ್ದವ್ವನವರ ಹೆಬ್ಬೆಟ್ಟಿನ ಗುರುತುಳ್ಳ ಹೇಳಿಕೆ.

ಷರಾ: ಪರವಾನಗಿ ನಿರಾಕರಿಸುವುದಾದಲ್ಲಿ, ಸದರಿ ನಿರಾಕರಣೆಯನ್ನು ತಾವೇ ಖುದ್ದಾಗಿ ಕಮತಗಿಗೆ ಹೋಗಿ ಬನಶಂಕರಿ ಟೀಚರಿಗೆ ತಿಳಿಸಬೇಕಾಗಿ ವಿನಂತಿ.