ಕಿಣ್ವಯ್ಯನ ಅನಾನಸ್

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಲೋಟ ನೀರು.

ಸುಗಂಧದ ಕಾರ್ಖಾನೆಯ ಆ ಹಂಗಾಮಿ ಕೆಮಿಸ್ಟ್ ಮೂರು ಹೊತ್ತೂ ಕಿಣ್ವದ ಜಪ ಮಾಡುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲಿ ಕಿಣ್ವಯ್ಯನಾಗಿದ್ದ. ಉಳಿದವರು ಆಸಿಡ್ ಸುರಿದು, ಕುದಿಸಿ ತೆಗೆಯುತ್ತಿದ್ದ ಅನಾನಸ್ ಪರಿಮಳವನ್ನು ಚಿಟಿಕೆ ಕಿಣ್ವ ಹಾಕಿ, ಉಗುರುಬೆಚ್ಚಗಿಟ್ಟು ತೆಗೆಯುತ್ತೇನೆಂದು ಹೊರಟಿದ್ದ. ಸಂಜೆ ಮ್ಯಾನೇಜರು ಮೂಸಿ ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ನಾಳೆಯಿಂದ ಮನೆ. ಮನೆಯಲ್ಲಿ ಮಾವನವರಿದ್ದರು. ಕೆಲಸ ಹೋಗುವುದಕ್ಕಿಂತ ಅವನಿಗೆ ಅವರ ಭಯವೇ ಹೆಚ್ಚು.

ಬೆಳಿಗ್ಗೆಯೇ ಫ್ಲಾಸ್ಕಿನಿಂದ ಅನಾನಸ್ ಘಮ್ಮೆಂದಿತು. ಕಿಣ್ವಯ್ಯನಿಗೆ ಸ್ವರ್ಗಕ್ಕೆ ಮೂರೇ ಗೇಣು. ಪಕ್ಕದ ಮೇಜಿನ ಆಸಿಡಣ್ಣನಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಇದೇನಯ್ಯಾ, ಕುದೀತಾನೇ ಇಲ್ವಲ್ಲ?"

"ಕುದಿಸಿದ್ರೆ ಕಿಣ್ವ ಸತ್ತೇ ಹೋಗುತ್ತಣ್ಣ. ಮುಟ್ಬೇಡಿ, ಹೆಂಡ್ತಿಗೊಂದು ಫೋನ್ ಮಾಡಿ ಬಂದ್ಬಿಡ್ತೀನಿ."

ಅವನು ಅತ್ತ ಹೋದದ್ದೇ ತಡ, ಘಮಕ್ಕೆ ಮನಸೋತು ಪ್ಯಾಕಿಂಗ್ ಅಕ್ಕ ಒಳಗೆ ಬಂದು ಫ್ಲಾಸ್ಕಿಗೆ ಇಣುಕಿದಳು.

"ಅಯ್ಯೋ, ತಳ ಹಿಡಿಯುತ್ತೆ! ಒಂಚೂರು ನೀರು ಹಾಕಣ್ಣ."

ಆಸಿಡಣ್ಣ ಉದಾರಿ. ಲೋಟ ಪೂರ್ತಿ ಸುರಿದ.

ನೀರಿಲ್ಲದ ಕಡೆ ಬೆಣ್ಣೆಯ ಆಮ್ಲವನ್ನೂ ಆಲ್ಕೊಹಾಲನ್ನೂ ಕೂಡಿಸಿ ಅನಾನಸ್ ಘಮ ಕೊಡುವ ಈ ಕಿಣ್ವ, ನೀರು ಸಿಕ್ಕರೆ ತಾನೇ ಕೂಡಿಸಿದ್ದನ್ನು ಬಿಡಿಸುತ್ತದೆ, ಮದುವೆ ಮಾಡಿಸಿದ ದಲ್ಲಾಳಿಯೇ ವಿಚ್ಛೇದನಕ್ಕೂ ಓಡಾಡಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅನಾನಸ್ ಹೋಗಿ ಕೆಟ್ಟ ಬೆಣ್ಣೆಯ ನಾತ ಎದ್ದಿತು. ಅಕ್ಕ ಅದರ ಮೇಲೆ ಗುಲಾಬಿ ಸೆಂಟು ಸಿಂಪಡಿಸಿದಳು, ನಾತಕ್ಕೆ ಗುಲಾಬಿಯೂ ಸೇರಿತು. ಆಸಿಡಣ್ಣ ಫ್ಯಾನ್ ಹಾಕಿದ. ಗಾಳಿ ನೆಟ್ಟಗೆ ಮ್ಯಾನೇಜರ ಕೋಣೆಗೆ ನುಗ್ಗಿತು.

ಫೋನಿನಲ್ಲಿ ಮಾವನವರಿಗೆ ಸಿಕ್ಕಿಬಿದ್ದು ತಡವಾಗಿ ಬಂದ ಕಿಣ್ವಯ್ಯನಿಗೆ ಆಸಿಡಣ್ಣ ನೀರು ಸುರಿದದ್ದನ್ನು ಹೇಳುತ್ತಿರುವಾಗಲೇ ಮ್ಯಾನೇಜರು ಮೂಗಿಗೆ ಕರ್ಚೀಫ್ ಒತ್ತಿಕೊಂಡು ಓಡಿ ಬಂದರು.

"ಏನ್ರೀ ಸತ್ತಿದೆ ಇಲ್ಲಿ?"

"ಏನೂ ಸತ್ತಿಲ್ಲ ಸಾರ್. ಕಿಣ್ವ ಬದುಕಿದೆ, ಅದೇ ತೊಂದರೆ," ಎಂದ ಕಿಣ್ವಯ್ಯ ಅಳುದನಿಯಲ್ಲಿ. ನೀರಿನ ಕತೆಯನ್ನೂ ಹೇಳಿದ.

"ದಂಡಕ್ಕೆ ಬಂದ ಪುಡಿ ನಿಮ್ಮ ಕಿಣ್ವ!" ಎಂದರು ಮ್ಯಾನೇಜರು.

ತನ್ನನ್ನು ಬೈದಿದ್ದರೆ ಸಹಿಸುತ್ತಿದ್ದ, ಕಿಣ್ವವನ್ನು ಬೈದದ್ದಕ್ಕೆ ಅವನಿಗೆ ಉರಿದುಹೋಯಿತು. "ಹಾಗನ್ಬೇಡಿ ಸಾರ್. ಎಣ್ಣೆಯಾಗ್ಲಿ, ಬೆಣ್ಣೆಯಾಗ್ಲಿ, ನೀರೊಂದಿದ್ರೆ ಎಂಥಾ ಜಿಡ್ಡನ್ನೂ ಕತ್ತರಿಸಿ ಹಾಕುತ್ತೆ!"

ಮ್ಯಾನೇಜರು ಕರ್ಚೀಫ್ ಇಳಿಸಿದರು. "ಕ್ಯಾಂಟೀನ್ ಚರಂಡೀಲಿ ಕಟ್ಕೊಂಡಿರೋ ಜಿಡ್ಡನ್ನೂ?"

"ಅದ್ಯಾವ ಲೆಕ್ಕ ಸಾರ್!"

"ಭೇಷ್! ನಿಮ್ಮ ಕೆಲಸ ಖಾಯಂ."

ಅಕ್ಕ ಚಪ್ಪಾಳೆ ತಟ್ಟಿದಳು. ಕಿಣ್ವಯ್ಯನ ಕಣ್ಣು ತುಂಬಿ ಬಂತು.

"ಅನಾನಸ್ಸನ್ನ ಇನ್ಮೇಲೆ ಇವರೇ ಕುದಿಸ್ಕೋತಾರೆ," ಎಂದು ಮ್ಯಾನೇಜರು ಆಸಿಡಣ್ಣನ ಬೆನ್ನು ತಟ್ಟಿದರು. ಆಮೇಲೆ ಕಿಣ್ವಯ್ಯನ ಕಾಲು ನೋಡಿದರು. "ನಿಮಗೆ ಗಮ್‌ಬೂಟು ಎಷ್ಟನೇ ಸೈಜು?"