ಮೊಮ್ಮಗಳ ಲ್ಯಾಪ್‌ಟಾಪಿಗೆ ನನ್ನ ದಲಾಲಿ

ಎಮ್ಮೆಯ ವ್ಯಾಪಾರದಲ್ಲಿ ನನಗೆ ಟೋಪಿ ಹಾಕುವವನು ಗಜೇಂದ್ರಗಡದಿಂದ ನರಗುಂದದವರೆಗೆ ಇನ್ನೂ ಹುಟ್ಟಿಲ್ಲ. ಇನ್ನು ಈ ಲ್ಯಾಪ್‌ಟಾಪು ಯಾವ ಲೆಕ್ಕ! ಪುರ್ತಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆ ಸಾರಿದೆ. ಕಲಿತದ್ದು ಮೂರನೆಯ ಇಯತ್ತೆ ಮಾತ್ರ, ಒಪ್ಪುತ್ತೇನೆ. ಆದರೆ ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದ ಎತ್ತು, ಎಮ್ಮೆ, ಆಕಳು ಎಲ್ಲವನ್ನೂ ಬಾಯಿ ತೆಗೆಸಿ, ಹಲ್ಲು ನೋಡಿ ತಂದವಳು ನಾನೇ.

ಸಂಗತಿ ಇಷ್ಟು. ನನ್ನನ್ನು ‘ಆಯಿ’ ಎಂದು ಕರೆಯುವ ಮೊಮ್ಮಗಳು ಶ್ವೇತಾ ಆಗ ಧಾರವಾಡದ ಯುನಿವರ್ಸಿಟಿಯಲ್ಲಿ ಎಂ.ಸಿ.ಎ. ಓದುತ್ತಿದ್ದಳು. ಎರಡು ಸಾವಿರದ ಎಂಟನೆಯ ಇಸವಿ. ಅವಳ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪು ಇತ್ತು, ಮೇಲಿನ ವರ್ಗದ ಹುಡುಗಿಯೊಬ್ಬಳು ಬಳಸಿ ಬಿಟ್ಟದ್ದು. ಅದನ್ನು ಶುರು ಮಾಡಿಟ್ಟು ನಾನು ರೊಟ್ಟಿ ಬಡಿಯಲು ಕೂತರೆ, ಬುಟ್ಟಿ ತುಂಬುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಬ್ಯಾಟರಿ ಎಂದೋ ಸತ್ತಿತ್ತು. ಗೋಡೆಗೆ ವೈರು ಚುಚ್ಚಿದರೆ ಜೀವ, ಕಿತ್ತರೆ ಹೆಣ.

ದವಾಖಾನೆಯಲ್ಲಿ ಯಾರ ಪಾಳಿ ಯಾವಾಗ ಬರುತ್ತದೆ ಎಂದು ಹೇಳುವ ಪ್ರೋಗ್ರಾಮೊಂದನ್ನು ಶ್ವೇತಾ ಅದರೊಳಗೆ ಕಟ್ಟಿದ್ದಳು. ಸೋಮವಾರ ಮಾಸ್ತರರ ಎದುರು ಅದನ್ನು ನಡೆಸಿ ತೋರಿಸಬೇಕು. ತೋರಿಸದಿದ್ದರೆ ವರ್ಷ ಪೂರ್ತಿ ಪಟ್ಟ ಪಾಡು ನೀರುಪಾಲು. ಆದರೆ ಆ ಪ್ರೋಗ್ರಾಮು ಮೂರನೆಯ ರೋಗಿಯ ಹತ್ತಿರ ಬಂದು ಗಪ್ಪನೆ ನಿಂತುಬಿಡುತ್ತಿತ್ತು. ಮೂರನೆಯವನು ಒಳಗೇ ಸತ್ತನೋ ಏನೋ ಎಂದು ನನಗೆ ಚಿಂತೆ.

ಕಡಲೆ ಚೆನ್ನಾಗಿ ಬಂದಿದೆ, ಹೊಸದನ್ನೇ ಕೊಡಿಸೋಣ ಎಂದ ನನ್ನ ಮಗ ಗುರುಸಂಗಪ್ಪ. ಹಳೆಯದಕ್ಕೇ ರ‍್ಯಾಮ್ ಎಂಬ ಪಟ್ಟಿಯೊಂದನ್ನು ಹಾಕಿಸಿದರೆ ಸಾಕಾದೀತೇನೋ ಎಂದು ಶ್ವೇತಾಳ ಅನುಮಾನ. ತಂದೆ ಮಗಳು ಎರಡು ದಿನ ಆ ಕಡೆ ಈ ಕಡೆ ತೂಗಾಡಿದರು. ಕೊನೆಗೆ ನಾನೇ ತೀರ್ಪು ಕೊಟ್ಟೆ.

“ಮುದಿ ಎಮ್ಮಿಗಿ ಎಷ್ಟ್ ಹಿಂಡಿ ಹಾಕಿದ್ರೂ ಹಾಲು ಹೆಚ್ಚಾಗಂಗಿಲ್ಲ. ಇದನ್ನ ಕೊಟ್ಟು ಹೊಸಾದ್ ತರೂಣು. ವ್ಯಾಪಾರ ನನ್ ಕಡೆ ಬಿಡ್ರಿ.”

ರವಿವಾರ ಮುಂಜಾನೆ ನಾನೂ ಶ್ವೇತಾಳೂ ಹೊರಡುವುದೆಂದಾಯಿತು. ಗಜೇಂದ್ರಗಡದ ಅಂಗಡಿಯಲ್ಲಿ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿಕೊಂಡು, ಅಲ್ಲಿಂದಲೇ ಧಾರವಾಡಕ್ಕೆ ಹೋಗುವುದು ಶ್ವೇತಾಳ ಲೆಕ್ಕ. ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಒಂದು ಸಣ್ಣ ಕೆಲಸ ಮಾಡಿದೆ. ನಮ್ಮಲ್ಲಿ ದನ ಮಾರಿದರೂ ಅದರ ಹಗ್ಗ ಮಾರುವುದಿಲ್ಲ. ಹಗ್ಗದ ಹಿಂದೆ ಕೊಟ್ಟಿಗೆಯ ಭಾಗ್ಯವೂ ನಡೆದುಬಿಡುತ್ತದೆ. ಕೊಂಡವನು ತನ್ನ ಹಗ್ಗ ತಾನು ತರಬೇಕು. ಹಾಗಾಗಿ ಅವಳ ಚೀಲದಿಂದ ಆ ಕರಿಯ ವೈರನ್ನು ಮೆಲ್ಲಗೆ ಎಳೆದು, ಕೊಟ್ಟಿಗೆಯ ಗೂಟಕ್ಕೆ ಹಾಕಿ, ಕೈಮುಗಿದು ಬಂದೆ. ಬಸ್ಸಿನಲ್ಲಿ ಕೂತಾಗ ಮನೆತನ ಉಳಿಸಿದ ಹೆಮ್ಮೆ ನನಗೆ!

ಅಂಗಡಿ ನಯೀಮನದು. ಅವನ ಅಜ್ಜ ಕಾಶೀಂಸಾಬ ಹಿಂದೆ ದನದ ಸಂತೆಯ ದೊಡ್ಡ ದಲಾಲ. ಹೆಂಗಸೆಂದು ಉಳಿದ ದಲಾಲರು ನನ್ನನ್ನು ಮಾತನಾಡಿಸದಿದ್ದ ಕಾಲದಲ್ಲಿ ಬೆರಳು ಒತ್ತಿ ಗುಟ್ಟಾಗಿ ದರ ಹೇಳಲು ಟವೆಲಿನ ಕೆಳಗೆ ನನಗೆ ಕೈ ಚಾಚಿದವನು ಅವನೊಬ್ಬನೇ. ಈಗ ಕಣ್ಣು ಮಂಜಾಗಿ ಮೊಮ್ಮಗನ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಮಾತನಾಡಿಸುವುದೇ ಅವನ ಉದ್ಯೋಗ.

ನಯೀಮ ಹಳೆಯದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ಹೇಳಿದ, “ಅಮ್ಮಾರ, ಮಷೀನ್ ಚಲೋ ಐತಿ. ರ‍್ಯಾಮ್ ಹಾಕಿದ್ರ ಇನ್ನೂ ಎರಡ್ ವರ್ಷ ಓಡ್ತೈತಿ. ಹೊಸಾದ್ ಯಾಕ?”

ತನ್ನ ಮಾಲನ್ನು ಬಿಟ್ಟು ನಮ್ಮ ಮಾಲನ್ನು ಹೊಗಳುವ ವ್ಯಾಪಾರಿಯನ್ನು ನಂಬಬಾರದು. ಅವನ ಮಾಲಿಗೆ ಬೇರೆ ದೊಡ್ಡ ಗಿರಾಕಿ ಇದ್ದಾನೆ ಎಂದೇ ಅರ್ಥ. ನಾನು ಹಟ ಹಿಡಿದೆ, ಕೈ ಮುಂದೆ ಮಾಡಿದೆ. ನಯೀಮ ಕೈಕುಲುಕುವುದಿರಬೇಕೆಂದು ಕುಲುಕಿದ. ಪಾಪ, ಈಗಿನ ಹುಡುಗ. ಕಾಶೀಂಸಾಬ ನಕ್ಕು, ಮೊಮ್ಮಗನನ್ನು ಸರಿಸಿ ತಾನೇ ನನ್ನ ಕೈ ಹಿಡಿದು, ಹೆಗಲ ಮೇಲಿನ ಟವೆಲು ತೆಗೆದು ನಮ್ಮ ಕೈಗಳ ಮೇಲೆ ಹಾಸಿದ. ಒಳಗೆ ಬೆರಳಿಗೆ ಬೆರಳು ಹತ್ತಿದವು. ಅವನು ಒತ್ತಿದ, ನಾನು ಕೊಡವಿದೆ. ನಾನು ಒತ್ತಿದೆ, ಅವನು ನಿಟ್ಟುಸಿರುಬಿಟ್ಟ. ಲ್ಯಾಪ್‌ಟಾಪು ಕೊಳ್ಳಲು ಬಂದಿದ್ದ ಕಾಲೇಜು ಹುಡುಗರು ಬಾಯಿ ತೆರೆದು ನೋಡಿದರು. ವ್ಯಾಪಾರ ಕುದುರಿತು. ಚಹಾ ಬಂತು.

ಆಗ ಶ್ವೇತಾ ಚೀಲಕ್ಕೆ ಕೈ ಹಾಕಿದಳು.

“ಆಯಿ, ಚಾರ್ಜರ್ ಎಲ್ಲಿ? ನಾ ಇದ್ರಾಗ ಇಟ್ಟಿದ್ದೆ.”

“ನನಗೇನ್ ಗೊತ್ತ? ನಾ ಏನ್ ಎಂ.ಸಿ.ಎ. ಕಲ್ತೇನಿ?”

ಆ ವೈರಿಲ್ಲದೆ ಹಳೆಯದು ಏಳುವುದಿಲ್ಲ, ಅದು ಏಳದೆ ಒಳಗಿನ ಪ್ರೋಗ್ರಾಮು ಹೊರಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆಗ. ನಯೀಮ ಅಂಗಡಿಯಲ್ಲಿದ್ದ ವೈರುಗಳನ್ನೆಲ್ಲ ತಂದು ಚುಚ್ಚಿ ನೋಡಿದ. ಒಂದರ ಮೂತಿಯೂ ಹೊಂದಲಿಲ್ಲ. ಒಳಗಿನ ಡಿಸ್ಕನ್ನೇ ಬಿಚ್ಚಿ ತೆಗೆಯೋಣವೆಂದರೆ ಅದಕ್ಕೆ ಬೇಕಾದ ಸಾಮಾನು ಹುಬ್ಬಳ್ಳಿಯಿಂದ ಬರಬೇಕಂತೆ. ಶ್ವೇತಾ ಚೀಲವನ್ನು ನೆಲಕ್ಕೆ ಸುರಿದಳು, ಬೆಂಚಿನ ಕೆಳಗೆ ಹುಡುಕಿದಳು, ಆಮೇಲೆ ನೆಲದ ಮೇಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹುಡುಗಿಯ ವರ್ಷ ಹೋಗುತ್ತದೆ.

ಕಣ್ಣು ಮಂಜಾದ ಕಾಶೀಂಸಾಬನಿಗೆ ನನ್ನ ಮುಖ ಹೇಗೆ ಕಂಡಿತೋ! ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ, “ಕಳಕವ್ವಕ್ಕ, ಖರೇ ಹೇಳು. ಹಗ್ಗ ಮನ್ಯಾಗ ಬಿಚ್ಚಿಟ್ಟು ಬಂದೀಯೇನು?”

ನಾನು ಹೌದೆಂದು ತಲೆಯಾಡಿಸಿ, ಕೊಟ್ಟಿಗೆಯ ಗೂಟಕ್ಕೆ ಹಾಕಿ ಬಂದಿದ್ದೇನೆಂದು ಒಪ್ಪಿಕೊಂಡೆ. ಶ್ವೇತಾ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. ಫೋನು ಹಚ್ಚಿ, ಕೊಟ್ಟಿಗೆಯ ಗೂಟದ ಮೇಲಿರುವ ವೈರು ತೆಗೆದುಕೊಂಡು ಓಡಿ ಬಾ ಎಂದು ಅವ್ವನಿಗೆ ಹೇಳಿದಳು. ಅವ್ವ ಎಂದರೆ ನನ್ನ ಸೊಸೆ ಮಾನವ್ವ. ಆ ಕಡೆಯಿಂದ ಅವಳ ದನಿ ನಮಗೆಲ್ಲ ಕೇಳಿಸಿತು.

“ಅದು ಗೂಟದ ಮ್ಯಾಲಿಲ್ಲ. ಕರೂನ ಕೊಳ್ಳಾಗ ಐತಿ.”

ಕರು ಹಗ್ಗ ಹರಿದುಕೊಂಡಿತ್ತಂತೆ. ಅತ್ತೆಯೇ ಗೂಟಕ್ಕೆ ಹಾಕಿದ್ದಾರೆಂದರೆ ಕೆಟ್ಟುಹೋದ ವೈರೇ ಇರಬೇಕೆಂದು ಅದರಲ್ಲೇ ಬಿಗಿದಿದ್ದಳಂತೆ. ಅದರ ನಡುವಿನ ಕರಿಯ ಇಟ್ಟಿಗೆಯಂಥದು ಕೊರಳಲ್ಲಿ ಗಂಟೆಯ ಹಾಗೆ ಚಂದ ಕಾಣುತ್ತಿದೆ ಎಂದೂ ಹೇಳಿದಳು!

ಮಾನವ್ವ ಟಂಟಂ ಹತ್ತಿ ಬರುವ ತನಕ ಸುಮ್ಮನೆ ಯಾಕೆ ಕೂಡುವುದೆಂದು ನಯೀಮ ಹಳೆಯದನ್ನು ಬಿಚ್ಚಿ, ಧೂಳು ಊದಿ, ತನ್ನಲ್ಲಿದ್ದ ರ‍್ಯಾಮ್ ಪಟ್ಟಿಯೊಂದನ್ನು ಅದರಲ್ಲಿ ಕೂಡಿಸಿದ. ಪ್ರೋಗ್ರಾಮು ಲಗೂ ಹೊರಗೆ ಬರಲಿ ಎಂಬುದಷ್ಟೇ ಅವನ ಉದ್ದೇಶ. ವೈರು ಬಂತು. ಕರು ಅದನ್ನು ಕಬ್ಬಿನ ಹಾಗೆ ಜಗಿದಿತ್ತು. ನಯೀಮ ಜಗಿದಷ್ಟನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ, ಟೇಪು ಸುತ್ತಿ ಗೋಡೆಗೆ ಚುಚ್ಚಿದ.

ಲ್ಯಾಪ್‌ಟಾಪು ಎದ್ದಿತು. ನಾನು ಒಂದು ರೊಟ್ಟಿಯ ಹಿಟ್ಟನ್ನೂ ನಾದಿ ಮುಗಿಸಲಾಗದಷ್ಟು ಬೇಗ ಎದ್ದಿತು. ಪ್ರೋಗ್ರಾಮು ಮೂರನೆಯ ರೋಗಿಯನ್ನು ದಾಟಿ, ಹತ್ತನೆಯವನನ್ನು ದಾಟಿ, ಸಾಲಿನಲ್ಲಿದ್ದವರನ್ನೆಲ್ಲ ಡಾಕ್ಟರರ ಹತ್ತಿರ ಕಳಿಸಿಯೇ ನಿಂತಿತು. ಶ್ವೇತಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ಮೇಲೆ ಕೈಯಾಡಿಸಿದಳು.

“ನನಗ ಇದ ಸಾಕು. ಹೊಸಾದ್ ಬ್ಯಾಡ.”

ಟವೆಲಿನ ಕೆಳಗೆ ಕೊಟ್ಟ ಮಾತು! ಅದನ್ನು ಮುರಿದವರು ಸಂತೆಯಲ್ಲಿ ಮತ್ತೆ ತಲೆ ಎತ್ತುವುದಿಲ್ಲ. ನಾನು ತೊದಲುತ್ತಿರುವಾಗಲೇ ಕಾಶೀಂಸಾಬ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ದನಾ ನಿಮ್ಮ ಹಗ್ಗದಾಗ ಐತಿ, ನಿಮ್ಮ ಕೈಯಾಗ ಐತಿ. ವ್ಯಾಪಾರ ಎಲ್ಲಿ ಆತು? ರ‍್ಯಾಮಿಂದ ಅಷ್ಟ ಕೊಡ್ರಿ, ಹುಡುಗಿ ಬಸ್ ತಪ್ಪೀತು.”

ಶ್ವೇತಾ ಸೋಮವಾರ ಪ್ರೋಗ್ರಾಮು ನಡೆಸಿ ತೋರಿಸಿದಳು. ಪಾಸಾದಳು. ಮಾಸ್ತರರು ಅದನ್ನು ಇನ್ನಷ್ಟು ಬೆಳೆಸಲು ಹೇಳಿದರಂತೆ. ಹಳೆಯ ಲ್ಯಾಪ್‌ಟಾಪಿನಲ್ಲೇ ಬೆಳೆಸತೊಡಗಿದಳು. ದೀಪಾವಳಿಗೆ ಊರಿಗೆ ಬಂದು, ನನ್ನ ಕೈಯ ಹೋಳಿಗೆ ಉಂಡು, ಕರುವನ್ನು ಮುದ್ದಾಡಿದಳು. ಎಲ್ಲ ಮರೆತಿದ್ದಾಳೆಂದು ನಾನು ನಿರಾಳವಾದೆ.

ತಿರುಗಿ ಹೋಗುವ ದಿನ ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟವಳು ಹಿಂದಿರುಗಿ ಬಂದು, ನನ್ನ ಎಲೆ ಅಡಿಕೆಯ ಸಂಚಿ ಬಿಚ್ಚಿ ಒಳಗೆ ಇಣುಕಿದಳು.

“ಇಷ್ಟೂ ನಂಬಿಗಿ ಇಲ್ಲೇನ ನನ್ ಮ್ಯಾಲೆ?” ಎಂದೆ.

“ನಂಬಿಗಿ ಭಾಳ ಐತಿ ಆಯಿ. ಸೆರಗ ಕೊಡವು.”

ಸೆರಗು ಕೊಡವಿದೆ. ಎರಡೂ ಅಂಗೈ ಬಿಚ್ಚಿ ತೋರಿಸಿದೆ. ಕೊನೆಗೆ, “ಮುದುಕಿ ಕಡೆ ಏನೂ ಇಲ್ಲವಾ, ನಾ ನೋಡೇನಿ” ಎಂದು ಕಂಡಕ್ಟರು ಸಾಕ್ಷಿ ಹೇಳಿದ ಮೇಲೆಯೇ ಬಸ್ಸು ಹೊರಟಿತು.