ನೋಡಿದೆ, ಚೆನ್ನಾಗಿದೆ, ಮುಂದುವರಿಸಿ

ಒಬ್ಬನೇ ಕೂತರೆ ಒಂದು ದಿನದಲ್ಲಿ ಮುಗಿಯುವ ಕೆಲಸವನ್ನು ಮೂವರು ಸೇರಿ ಆರು ವಾರ ಎಳೆಯುವುದಕ್ಕೆ ಆನ್‌ಲೈನ್ ಶಿಕ್ಷಣದಲ್ಲಿ ‘ಗ್ರೂಪ್ ವರ್ಕ್’ ಎನ್ನುತ್ತಾರೆ. ಈ ಜ್ಞಾನೋದಯ ನನಗೆ ಐವತ್ತೆರಡನೆಯ ವಯಸ್ಸಿನಲ್ಲಾಯಿತು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಸ್ಟೋರಿನಲ್ಲಿ ಏಕಾಂಗಿಯಾಗಿ ಹತ್ತಿ, ಸೂಜಿ, ಬ್ಯಾಂಡೇಜುಗಳ ಸಾಮ್ರಾಜ್ಯವನ್ನು ಆಳಿದವನು ನಾನು. ಅಂಥವನಿಗೆ ಮೇಲಿನವರು, ಮುಖ್ಯ ಸ್ಟೋರ್ ಕೀಪರ್ ಆಗಬೇಕಾದರೆ ಉಗ್ರಾಣ ನಿರ್ವಹಣೆಯ ಆನ್‌ಲೈನ್ ಸರ್ಟಿಫಿಕೇಟ್ ತರಬೇಕು ಎಂದುಬಿಟ್ಟರು. ತರದಿದ್ದರೆ ಆ ಗಾಲಿ ಕುರ್ಚಿ (ರೋಗಿಗಳದ್ದಲ್ಲ, ಅಧಿಕಾರಿಗಳದ್ದು) ನನ್ನ ಜೂನಿಯರ್ ಪಾಲು. ಆ ಮಹಾನುಭಾವನಿಗೆ ಬ್ಯಾಂಡೇಜ್ ಎಣಿಸಲು ಕಲಿಸಿದವನೇ ನಾನು.

ಕೋರ್ಸಿನಲ್ಲಿ ನನ್ನ ಕೊರಳಿಗೆ ಕಟ್ಟಿದ ಗುಂಪಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಟೈರ್ ಗೋದಾಮಿನ ಮ್ಯಾನೇಜರ್. ಮೀಟಿಂಗಿನಲ್ಲಿ ಕೆಲಸ ಹಂಚುವ ಹೊತ್ತಿಗೆ ಸರಿಯಾಗಿ ಅವರ ನೆಟ್‌ವರ್ಕ್ ಹೋಗುತ್ತಿತ್ತು. ಹಂಚಿ ಮುಗಿದ ಮರುಕ್ಷಣ ಬರುತ್ತಿತ್ತು. ಇನ್ನೊಬ್ಬಳು ಪುಸ್ತಕದ ಗೋದಾಮಿನ ಹುಡುಗಿ. ಏನು ಕೇಳಿದರೂ ಮೊಬೈಲಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು. ಅವಳಿಗೆ ನಾನು ಹೆಬ್ಬೆಟ್ಟು ಎಂದು ನಾಮಕರಣ ಮಾಡಿದ್ದೆ (ಮನಸ್ಸಿನಲ್ಲೇ).

ನಾನೋ, ಒಂದು ಮೀಟಿಂಗನ್ನೂ ತಪ್ಪಿಸಿದವನಲ್ಲ. ಕ್ಯಾಮೆರಾ ಮಾತ್ರ ಮುಚ್ಚಿರುತ್ತಿದ್ದೆ. ಬನಿಯನ್ನಿನಲ್ಲಿ ಸೋಫಾದ ಮೇಲೆ ಮಲಗಿರುವವನ ಮರ್ಯಾದೆಯ ಪ್ರಶ್ನೆ. ಮೂವರೂ ಬರೆಯಬೇಕಾದ ಕಡತದಲ್ಲಿ ಪ್ರತಿ ಪುಟದ ಕೆಳಗೂ ‘ನೋಡಿದೆ. ಚೆನ್ನಾಗಿದೆ. ಮುಂದುವರಿಸಿ’ ಎಂದು ತಪ್ಪದೆ ಮಾರ್ಗದರ್ಶನ ನೀಡುತ್ತಿದ್ದೆ. ನಲವತ್ತು ಪುಟದ ವರದಿ ಹೇಗೋ ತಾನಾಗಿಯೇ ತಯಾರಾಯಿತು. ಇಂಥವರನ್ನು ಕಟ್ಟಿಕೊಂಡು ಹೆಣಗುತ್ತಿದ್ದೇನೆ ಎಂದು ನಾನು ದಿನಾ ಹೆಂಡತಿಯ ಮುಂದೆ ಗೋಳು ತೋಡಿಕೊಳ್ಳುತ್ತಿದ್ದೆ. ಮನೆಯಲ್ಲೇ ಬಟ್ಟೆ ಹೊಲಿಯುವ ಅವಳು ಮಿಷನ್ ತುಳಿಯುತ್ತಲೇ ಹೂಂಗುಡುತ್ತಿದ್ದಳು.

ಕೊನೆಗೆ ಉಳಿದದ್ದು ಒಂದೇ ಗಂಡಾಂತರ. ‘ಆನ್‌ಲೈನ್ ಗುಂಪು ಅಧ್ಯಯನದಲ್ಲಿ ನಾನು ಕಂಡ ಸವಾಲುಗಳು’ ಎಂದು ಪ್ರತಿಯೊಬ್ಬರೂ ಐನೂರು ಪದಗಳ ಆತ್ಮಾವಲೋಕನ ಬರೆಯಬೇಕಿತ್ತು. ಇಪ್ಪತ್ತು ಅಂಕ, ಅದಿಲ್ಲದೆ ಸರ್ಟಿಫಿಕೇಟ್ ಇಲ್ಲ. ಭಾನುವಾರ ಸಂಜೆ ಐದಕ್ಕೆ ಗಡುವು. ನನಗೆ ನೆನಪಾದಾಗ ಮೂರೂವರೆ, ಇನ್ನೂ ಸ್ನಾನವಾಗಿರಲಿಲ್ಲ.

“ಇವಳೇ, ಒಂಚೂರು ಬರ್ದುಕೊಡು. ಗುಂಪಲ್ಲಿ ಕೆಲ್ಸ ಮಾಡೋದ್ರಲ್ಲಿ ಏನೇನು ಕಷ್ಟ ಇದೆ ಅಂತ.”

“ಅಲ್ಲಾರೀ, ನಿಮ್ಮ ಗುಂಪಿನ ಕಷ್ಟ ನಂಗೇನು ಗೊತ್ತು?”

“ಆರು ವಾರದಿಂದ ದಿನಾ ಹೇಳ್ತಾ ಇದ್ದೀನಲ್ಲ. ನಿಮ್ಮ ಸ್ವಂತ ಅನುಭವ ಬರೀರಿ ಅಂದಿದ್ದಾರೆ, ಅಷ್ಟೇ.”

“ಸ್ವಂತ ಅನುಭವಾನಾ?” ಅವಳು ಮಿಷನ್ ನಿಲ್ಲಿಸಿದಳು. “ನನ್ನತ್ರ ಇಪ್ಪತ್ಮೂರು ವರ್ಷದ್ದಿದೆ. ಸಾಕಾಗುತ್ತಾ?”

ನಾನಾಗಲೇ ಟವಲ್ ಹುಡುಕುತ್ತಿದ್ದೆ. (ಅವಳೇ ತಂದುಕೊಟ್ಟಳು.) “ನಿಮ್ಮ ಕಡತಾನೂ ಒಂದ್ಸಲ ನೋಡ್ತೀನಿ” ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು. ಸ್ನಾನ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದಾಗ ಐದಕ್ಕೆ ಎರಡು ನಿಮಿಷ. ಐನೂರ ಹನ್ನೆರಡು ಪದ, ಮೇಲೆ ನನ್ನ ಹೆಸರು. ಓದಲು ಪುರುಸೊತ್ತೆಲ್ಲಿ? ಒತ್ತಿ ಕಳಿಸಿಬಿಟ್ಟೆ.

ಬುಧವಾರ ಸಂಜೆಯ ತರಗತಿಯಲ್ಲಿ ಕೋರ್ಸಿನ ಮೇಡಂ, “ಎಲ್ಲಾ ಪ್ರಬಂಧಗಳಲ್ಲಿ ಒಂದು ನನ್ನ ಮನಸ್ಸು ತಟ್ಟಿತು” ಎಂದು ನನ್ನ ಹೆಸರು ಹೇಳಿದರು. ನಾನು ಸೋಫಾದಲ್ಲಿ ಎದ್ದು ಕೂತೆ. ಅವರು ಓದತೊಡಗಿದರು.

“‘ನಮ್ಮ ಗುಂಪಿನಲ್ಲಿ ಒಬ್ಬ ಸದಸ್ಯರಿದ್ದಾರೆ. ಹಾಜರಿರುತ್ತಾರೆ, ಆದರೆ ಕಾಣಿಸುವುದಿಲ್ಲ. ಕರೆದರೆ ‘ಕೇಳಿಸ್ತು’ ಎನ್ನುತ್ತಾರೆ, ಕೇಳಿಸಿಕೊಂಡಿರುವುದಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಬಂದು ‘ಹೇಳಬಾರದಿತ್ತಾ, ನಾನೂ ಕೈ ಹಾಕ್ತಿದ್ದೆ’ ಎನ್ನುತ್ತಾರೆ. ಇನ್ನೊಬ್ಬರು ಮಾಡಿಟ್ಟದ್ದು ತಾನಾಗಿಯೇ ಆಯಿತೆಂದು ಅವರು ನಿಜವಾಗಿಯೂ ನಂಬಿದ್ದಾರೆ. ಕೆಟ್ಟವರಲ್ಲ. ಅದೇ ಕಷ್ಟ.’”

ನಾನು ಹೆಂಡತಿಯ ಕಡೆ ತಿರುಗಿದೆ. ಮೇಡಂ, “ಆ ಸದಸ್ಯರು ಯಾರು ಅಂತ ನಾನು ಕೇಳಲ್ಲ” ಎಂದರು.

“ಕೇಳೋದೇನಿದೆ ಮೇಡಂ” ಎಂದು ಒಂದು ಹೊಸ ಧ್ವನಿ. ಆರು ವಾರದಲ್ಲಿ ಮೊದಲ ಬಾರಿಗೆ ಹೆಬ್ಬೆಟ್ಟು ಬಾಯಿ ತೆರೆದಿದ್ದಳು. “ಸರ್ ತಮ್ಮ ಬಗ್ಗೇನೇ ಬರ್ಕೊಂಡಿದ್ದಾರೆ. ನಲವತ್ತು ಪುಟಾನೂ ನಾನೊಬ್ಳೇ ಟೈಪ್ ಮಾಡಿದೀನಿ, ಉತ್ತರ ಬರಿಯೋಕೂ ಟೈಮ್ ಇರ್ತಿರ್ಲಿಲ್ಲ. ಸರ್ ಮೇಲೆ ತುಂಬಾ ಸಿಟ್ಟಿತ್ತು. ಇಷ್ಟು ಧೈರ್ಯವಾಗಿ ಒಪ್ಕೊಂಡ್ರಲ್ಲ, ಸಿಟ್ಟೆಲ್ಲಾ ಹೋಯ್ತು.”

ಈಗ ನನ್ನ ಮುಂದೆ ಎರಡೇ ದಾರಿ. ಅದು ನಾನಲ್ಲ ಎಂದು ವಾದಕ್ಕಿಳಿದರೆ, ಬರೆದದ್ದೂ ನಾನಲ್ಲ ಎಂಬುದು ಹೊರಬೀಳುತ್ತದೆ. ಕುರ್ಚಿ ಉರುಳಿಕೊಂಡು ಜೂನಿಯರ್ ಬಳಿ ಹೋಗುತ್ತದೆ. ಪಕ್ಕದಲ್ಲಿ ಹೆಂಡತಿ ಕಾಲರಿಗೆ ಗುಂಡಿ ಹಚ್ಚುತ್ತಾ ಮಹಾ ಮುಗ್ಧೆಯಂತೆ ಕೂತಿದ್ದಳು. ಮೈಕ್ ಒತ್ತಿ, “ಹೌದು, ಅದು ನಾನೇ” ಎಂದೆ. ಹೇಳಿದ ಮೇಲೆ ಅದು ಸುಳ್ಳೂ ಅಲ್ಲವಲ್ಲ ಎನಿಸಿ ನಿಜಕ್ಕೂ ನಾಚಿಕೆಯಾಯಿತು.

“ಭೇಷ್” ಎಂದರು ಮೇಡಂ. “ಆದ್ರೆ ಅಂಕ ಈಗ್ಲೇ ಕೊಡಲ್ಲ. ಕೊನೇ ಪ್ಯಾರಾದಲ್ಲಿ ನೀವೇ ಒಂದು ಪ್ರಯೋಗ ಬರ್ದಿದ್ದೀರಲ್ಲ, ಸಹಕಾರ ಮನೆಯಿಂದ್ಲೇ ಶುರುವಾಗ್ಲಿ, ಒಂದು ತಿಂಗಳು ಬೆಳಿಗ್ಗೆ ಪಾತ್ರೆ ತೊಳೀತೀನಿ, ಸಂಜೆ ಬಟ್ಟೆ ಮಡಿಸ್ತೀನಿ ಅಂತ. ಅದನ್ನ ಮಾಡಿ ತೋರ್ಸಿ. ದಿನಾ ಮನೆಯವರ ಒಂದು ಸಾಲಿನ ಅಭಿಪ್ರಾಯಾನೂ ಹಾಕಿ.”

“ನಾವು ದಿನಾ ಪರಿಶೀಲನೆ ಮಾಡ್ತೀವಿ ಮೇಡಂ” ಎಂದರು ಟೈರ್ ಮ್ಯಾನೇಜರ್. ಅವರ ನೆಟ್‌ವರ್ಕ್ ಅಂದು ಸ್ಫಟಿಕದಷ್ಟು ಸ್ವಚ್ಛವಾಗಿತ್ತು.

ಇವತ್ತು ಹತ್ತೊಂಬತ್ತನೆಯ ದಿನ. ಇಸ್ತ್ರಿ ಅಂಗಿ ತೊಟ್ಟು ಸಿಂಕಿನ ಮುಂದೆ ನಿಂತಿದ್ದೇನೆ. ಸೋಪಿನ ಡಬ್ಬಿಗೆ ಆನಿಸಿಟ್ಟ ಮೊಬೈಲಿನಲ್ಲಿ ಕ್ಯಾಮೆರಾ ತೆರೆದೇ ಇದೆ. ಹೆಬ್ಬೆಟ್ಟು ಆಗಲೇ ಒಂದು ಹೆಬ್ಬೆರಳು ಕಳಿಸಿದ್ದಾಳೆ. ಅರ್ಧ ಗಂಟೆಯಿಂದ ಒಂದು ಬಾಣಲೆಯ ತಳ ಉಜ್ಜಿ ಉಜ್ಜಿ ನನ್ನ ರಟ್ಟೆ ಸೋತುಹೋಗಿದೆ.

“ಇವಳೇ, ಇದು ಬಿಡ್ತಾನೇ ಇಲ್ಲ ಕಣೇ. ನೀನೂ ಸ್ವಲ್ಪ ಕೈ ಹಾಕ್ಬಾರ್ದಾ? ಇಬ್ರೂ ಸೇರಿದ್ರೆ ಬೇಗ ಮುಗಿಯುತ್ತೆ.”

ಅವಳು ಸೋಫಾದ ಮೇಲೆ, ನನ್ನ ಜಾಗದಲ್ಲಿ, ಕಾಲು ಚಾಚಿ ಮಲಗಿದ್ದಾಳೆ. ಇವತ್ತಿನ ಅಭಿಪ್ರಾಯ ಟೈಪ್ ಮಾಡುತ್ತಾ, ತಲೆ ಎತ್ತದೆ ಅದನ್ನೇ ಗಟ್ಟಿಯಾಗಿ ಓದಿದಳು:

“ನೋಡಿದೆ. ಚೆನ್ನಾಗಿದೆ. ಮುಂದುವರಿಸಿ.”